ಅಕ್ಕನಿಗೆ ನಲವತ್ತು ಅಡಿಯ ಕಂಬ

ಪೈಪು ಕೊಳ್ಳಲು ಬರುವವರನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ತನಗೆ ಎಷ್ಟು ಉದ್ದ ಬೇಕೆಂದು ತಿಳಿದು ಬರುವವನು ನೂರಕ್ಕೆ ಒಬ್ಬ. ಉಳಿದವರು ಎರಡು ಕೈ ಚಾಚಿ 'ಇಷ್ಟು' ಎನ್ನುತ್ತಾರೆ, ಇಲ್ಲವೇ 'ಬಾಗಿಲಷ್ಟು' ಎನ್ನುತ್ತಾರೆ. ಯಾರ ಮನೆ ಬಾಗಿಲು, ನನ್ನ ತಲೆ? ಇಂಥವರನ್ನು ಬೈದು ಬೈದೇ ನನ್ನ ಗಂಟಲು ಹೀಗೆ ಒಡೆದುಹೋಗಿರುವುದು. ಆದರೆ ಆ ಸೋಮವಾರ ಬೆಳಿಗ್ಗೆ ಅಕ್ಕ ಬಂದು, ಕೊಡೆ ಮಡಚಿ, ಸ್ಟೂಲಿನ ಮೇಲೆ ಕೂತು, "ನಲವತ್ತಡಿ ಬೇಕು ಕಣೋ" ಎಂದಾಗ ನನಗೆ ಬೈಯಲು ಏನೂ ಸಿಗಲಿಲ್ಲ.

"ಏನಕ್ಕೆ?" ಎಂದೆ, ಗೊತ್ತಿದ್ದೂ.

"ಇನ್ನೇನಕ್ಕೆ? ರೇಡಿಯೊ ತಂತಿ ಕಟ್ಟೋಕೆ. ಲೈಸೆನ್ಸ್ ಬಂತು ನಂಗೆ. ಹೋದ ವಾರ."

ಭಾವ ಸತ್ತು ಎರಡು ವರ್ಷವಾಗಿತ್ತು. ಅಕ್ಕ ಈ ಎರಡು ವರ್ಷ ಬಾಗಿಲು ಹಾಕಿಕೊಂಡು ಅಳುತ್ತಿದ್ದಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಅವಳು ಬಾಗಿಲು ಹಾಕಿಕೊಂಡು ಹ್ಯಾಮ್ ರೇಡಿಯೊ ಪರೀಕ್ಷೆಗೆ ಓದುತ್ತಿದ್ದಳು.

ಭಾವ ಟೈಲರ್. ಅಂಗಡಿಯಲ್ಲಿ ಹಗಲೆಲ್ಲ ಹೊಲಿಗೆ, ಬೆಳಿಗ್ಗೆ ಎದ್ದ ಕೂಡಲೇ ಮತ್ತು ಭಾನುವಾರವಿಡೀ ರೇಡಿಯೊ. ಮನೆಯಲ್ಲೇ ಕೂತು, ಸ್ವಂತ ರೇಡಿಯೊದಿಂದ ಲೋಕದ ಇನ್ನೊಂದು ಮೂಲೆಯವರ ಜೊತೆ ಮಾತಾಡುವ ಹವ್ಯಾಸ ಅದು. ಮಾತು ಎಂದೆ, ಆದರೆ ಭಾವ ಬಾಯಿ ತೆರೆಯುತ್ತಿರಲಿಲ್ಲ. ಒಂದು ಪುಟ್ಟ ಹಿತ್ತಾಳೆಯ ಕೀ ಒತ್ತಿ ಒತ್ತಿ ಮೋರ್ಸ್ ಅಕ್ಷರಗಳನ್ನು ಟಿಕ್ ಟಿಕ್ ಎನ್ನಿಸುತ್ತಿದ್ದರು. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ, ತಟ್ಟೆಯಲ್ಲಿ ಅದ್ದುತ್ತೆ ಎಂದು ಅಕ್ಕ ಬೈಯುತ್ತಿದ್ದಳು. ರೇಡಿಯೊ ಗೆಳೆಯರು ಅವರನ್ನು ಟೇಪ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಯಾರ ಮನೆಯಲ್ಲಿ ಕಂಬ ನಿಲ್ಲಿಸುವುದಿದ್ದರೂ ಟೇಪ್ ಮಾಸ್ಟರಿಗೆ ಕರೆ ಬರುತ್ತಿತ್ತು, ಪೈಪಿಗೆ ನನಗೆ.

ಅವರದೊಂದು ಪದ್ಧತಿ ಇತ್ತು. ಕಂಬ ಮುಟ್ಟುವ ಮೊದಲು ಹಗ್ಗ ಕತ್ತರಿಸುತ್ತಿದ್ದರು. ಕಂಬದ ಉದ್ದ ಎಷ್ಟೋ ಅಷ್ಟು, ಅದರ ಮೇಲೆ ಐದಡಿ. ಕಂಬ ನಿಲ್ಲುವ ಜಾಗದಲ್ಲಿ ಹಗ್ಗದ ಒಂದು ತುದಿ ಹಿಡಿದು ಅವರು ನಿಲ್ಲುವುದು, ಇನ್ನೊಂದು ತುದಿ ಹಿಡಿದವನು ಹಗ್ಗ ಬಿಗಿ ಮಾಡಿಕೊಂಡು ಪೂರ್ತಿ ಒಂದು ಸುತ್ತು ನಡೆಯುವುದು. ಪ್ರತಿ ಹೆಜ್ಜೆಗೂ ತಲೆ ಎತ್ತಿ ನೋಡಬೇಕು. ಕರೆಂಟಿನ ತಂತಿ ಇಲ್ಲದಿದ್ದರೆ 'ಖಾಲಿ' ಎಂದು ಕೂಗಬೇಕು. ಕಂಬ ಯಾವ ಕಡೆಗೆ ಬಿದ್ದರೂ ಆ ಸುತ್ತಿನೊಳಗೇ ತಾನೇ ಬೀಳುವುದು? ಸುತ್ತು ಖಾಲಿ ಇದ್ದರೆ, ವಾಲಿದ ಕಂಬವನ್ನು ಹೆದರದೆ ಕೈಯಲ್ಲಿ ಹಿಡಿದು ತಡೆಯಬಹುದು. ಖಾಲಿ ಇಲ್ಲದಿದ್ದರೆ ಅಲ್ಲಿ ಕಂಬವನ್ನೇ ನಿಲ್ಲಿಸಬಾರದು. ಇಷ್ಟೇ ಅವರ ನಿಯಮ.

ಭಾವನ ಸ್ವಂತ ಮನೆಯ ಹಿತ್ತಲಲ್ಲಿ ನಲವತ್ತಡಿ ಕಂಬಕ್ಕೆ ಸುತ್ತು ನಡೆದವನು ನಾನು. ಮುಚ್ಚುಮರೆ ಮಾಡದೆ ಹೇಳಿಬಿಡುತ್ತೇನೆ, ಇಷ್ಟು ದಿನ ಮಾಡಿದ್ದು ಸಾಕು. ನೀರಿನ ಟ್ಯಾಂಕಿನ ಹಿಂದೆ ಬರುವಷ್ಟರಲ್ಲಿ ಕಾಂಪೌಂಡು ಗೋಡೆ ಅಡ್ಡ ಸಿಕ್ಕಿತು. ಗೋಡೆ ಹತ್ತಿ ಆಚೆ ಇಳಿದು, ಚರಂಡಿ ಪಕ್ಕದ ಮುಳ್ಳಿನಲ್ಲಿ ನಡೆದು, ಮತ್ತೆ ಗೋಡೆ ಹತ್ತಿ ಈಚೆ ಬರಬೇಕಿತ್ತು. ನಾನು ಅವತ್ತು ಹೊಸ ಪ್ಯಾಂಟು ಹಾಕಿದ್ದೆ. ಟ್ಯಾಂಕು ಅಡ್ಡ ಇದ್ದುದರಿಂದ ಭಾವನಿಗೆ ನಾನು ಕಾಣುತ್ತಿರಲಿಲ್ಲ. ಕೈಯಲ್ಲಿ ಹಗ್ಗ ಸಡಿಲವಾದದ್ದು ಗೊತ್ತಾಗಿ, "ಏನಾಯ್ತೋ?" ಎಂದರು. "ಗೋಡೆ ಹತ್ತುತಾ ಇದ್ದೀನಿ ಭಾವ" ಎಂದೆ. ಹತ್ತಲಿಲ್ಲ. ಗೋಡೆಯ ಈಚೆಯೇ ನಡೆದುಕೊಂಡು ಖಾಲಿ, ಖಾಲಿ ಎಂದು ಕೂಗುತ್ತ ಹೋದೆ. ಆಚೆ ಬದಿಯಲ್ಲಿ ನಡೆಯದೆ ಬಿಟ್ಟದ್ದು ಹನ್ನೊಂದು ಹೆಜ್ಜೆ. ಅದನ್ನು ನಾನು ಎಣಿಸಿದ್ದು ಅವರು ಸತ್ತ ಮೇಲೆ.

ಆ ಹನ್ನೊಂದು ಹೆಜ್ಜೆಯ ನೆತ್ತಿಯ ಮೇಲೆ ಕರೆಂಟಿನ ದೊಡ್ಡ ಲೈನು ಹೋಗಿತ್ತು. ಮೊದಲು ಅದು ಗೋಡೆಯಾಚೆಯ ಓಣಿಯ ಆ ಬದಿಗಿತ್ತು. ಹೊಸ ಕಂಬ ಹಾಕಿ ಈಚೆ ಬದಿಗೆ ತಂದಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಓಣಿಯ ದೊಡ್ಡ ಮರ ಅದನ್ನು ಮುಚ್ಚಿಕೊಂಡಿತ್ತು.

ಕಂಬ ಎತ್ತುವಾಗ ಅದು ಬೀಳದಂತೆ ಮೂರು ದಿಕ್ಕಿಗೆ ಎಳೆದು ಕಟ್ಟುವ ಹಗ್ಗಗಳಲ್ಲಿ ಒಂದನ್ನು ನಾನು ಹಿಡಿದಿದ್ದೆ, ಒಂದನ್ನು ಅಕ್ಕ, ಒಂದನ್ನು ರೇಡಿಯೊ ಗೆಳೆಯನೊಬ್ಬ. ಕಂಬ ಮುಕ್ಕಾಲು ಎದ್ದಿತ್ತು. ಒದ್ದೆ ಮಣ್ಣಿನಿಂದ ಒಂದು ಗೂಟ ಕಿತ್ತು ಬಂತು, ಕಂಬ ಟ್ಯಾಂಕಿನ ಕಡೆಗೆ ವಾಲಿತು. ಬುಡದಲ್ಲಿದ್ದ ಭಾವ ಅದನ್ನು ತಬ್ಬಿ ಹಿಡಿದರು. ಕೈ ಬಿಡಿ ಎಂದು ನಾನು ಕೂಗಬೇಕಿತ್ತು. ಆ ಕಡೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ, ನಾನು ನೋಡಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು. ಕೂಗಲು ಅಷ್ಟು ಗೊತ್ತಿದ್ದದ್ದೇ ಸಾಕಾಗಿತ್ತು. ಕೂಗಲಿಲ್ಲ. ಕಂಬದ ತುದಿ ಲೈನಿಗೆ ತಾಗುವವರೆಗೂ ಭಾವ ಕೈ ಬಿಡಲಿಲ್ಲ, ಸುತ್ತು ಖಾಲಿ ಇದೆ ಎಂದು ನಂಬಿದ್ದರು.

ತನಿಖೆಗೆ ಬಂದ ಇನ್ಸ್‌ಪೆಕ್ಟರ್, ಸುತ್ತು ನಡೆದವರು ಯಾರು ಎಂದು ಕೇಳಿದ. ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಖ ನೋಡಿದೆ, ಬಾಯಿಂದ ತಾನಾಗಿ ಬಂತು. "ನಾನು ನಡೆದಾಗ ಖಾಲಿ ಇತ್ತು ಸಾರ್. ಮೊದಲು ಮೂವತ್ತಡಿ ಕಂಬ ಅಂತ ಇತ್ತು, ಆಮೇಲೆ ಮೇಲೊಂದು ಹತ್ತಡಿ ತುಂಡು ಸೇರಿಸಿದ್ವಿ. ಹಗ್ಗ ಮಾತ್ರ ಮೂವತ್ತೈದಡೀದೇ ಉಳೀತು, ಬದಲಾಯಿಸೋದು ಭಾವ ಮರೆತಿರಬೇಕು." ಇನ್ಸ್‌ಪೆಕ್ಟರ್ ಬರೆದುಕೊಂಡ. ಹಗ್ಗ ಅಳೆಯುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಮೃತರ ಸ್ವಂತ ಅಜಾಗರೂಕತೆ ಎಂದು ವರದಿ ಬಂತು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿಯಲಿಲ್ಲ. ಭಾವನ ತಾಯಿ ಅಕ್ಕನ ಜೊತೆಗೇ ಇರುವವರು, ಎಂಬತ್ತರ ಹತ್ತಿರ, ಕಿವಿ ಅಷ್ಟಕ್ಕಷ್ಟೆ. ಮನೆಗೆ ಬಂದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು. "ಊರವರಿಗೆಲ್ಲ ಸರಿಯಾಗಿ ಕತ್ತರಿಸಿಕೊಟ್ಟ. ತನಗೆ ಅಂತ ಒಂದು ಹಗ್ಗ ಕತ್ತರಿಸೋಕೆ ಬರಲಿಲ್ಲ ನನ್ನ ಮಗನಿಗೆ." ಅದನ್ನು ಕೇಳಿದಾಗೆಲ್ಲ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಚಹಾ ಲೋಟ ನೋಡುತ್ತ ಕೂರುತ್ತಿದ್ದೆ.

ಆ ಹಗ್ಗ ಮಾತ್ರ ಇನ್ನೂ ಅಕ್ಕನ ಮನೆಯಲ್ಲಿತ್ತು. ಭಾವ ಸುರುಳಿ ಸುತ್ತಿ ಕಟ್ಟಿಟ್ಟಿದ್ದ ಹಾಗೇ, ಹೊಲಿಗೆ ಯಂತ್ರದ ಕೆಳಗಿನ ಡಬ್ಬದಲ್ಲಿ. ಎಸೆದುಬಿಡು ಎಂದು ಎರಡು ಸಲ ಹೇಳಿದ್ದೆ. "ಅವರು ಸುತ್ತಿದ್ದನ್ನ ಬಿಚ್ಚೋಕೂ ಮನಸ್ಸು ಬರಲ್ಲ, ಎಸೆಯೋದು ಎಲ್ಲಿ ಬಂತು" ಎಂದಿದ್ದಳು. ಬಿಚ್ಚದಿದ್ದರೆ ಅಳೆಯುವ ಪ್ರಶ್ನೆಯೂ ಇಲ್ಲವೆಂದು ನಾನು ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡಿದ್ದೆ. ಈಗ ಅವಳಿಗೆ ನಲವತ್ತಡಿ ಕಂಬ ಬೇಕು. ನಲವತ್ತಡಿ ಕಂಬ ಎಂದರೆ ಮತ್ತೆ ಸುತ್ತು, ಸುತ್ತು ಎಂದರೆ ಆ ಹಗ್ಗ ಡಬ್ಬದಿಂದ ಹೊರಗೆ ಬರುತ್ತದೆ. ಕಂಬದ ಪಕ್ಕ ಒಂದು ಸಲ ಅದನ್ನು ಬಿಡಿಸಿಟ್ಟರೆ ಸಾಕು, ನನ್ನ ಬಣ್ಣ ಬಯಲು.

ಹಾಗಾಗಿ ಅವಳಿಗೆ ಗಿಡ್ಡ ಕಂಬ ಮಾರಲು ಹೊರಟೆ.

"ಇಪ್ಪತ್ತಡಿ ತಗೋ. ಒಂದೇ ಪೈಪು. ಜೋಡಣೆ ಇಲ್ಲ, ತಲೆನೋವಿಲ್ಲ. ನೀನೊಬ್ಬಳೇ ಎತ್ತಬಹುದು."

"ಇಪ್ಪತ್ತಡೀಲಿ ತಂತಿ ಕಟ್ಟಿದ್ರೆ ಸಿಗ್ನಲ್ಲು ನೆಟ್ಟಗೆ ಮೇಲಕ್ಕೆ ಹೋಗಿ ನೆಟ್ಟಗೆ ಕೆಳಕ್ಕೆ ಬರುತ್ತೆ. ಮೋಡಕ್ಕೆ ಕಾವು ಕೊಟ್ಟ ಹಾಗೆ ಅಂತಿದ್ರು ನಿಮ್ಮ ಭಾವ. ಪಕ್ಕದೂರಿಗೆ ಕೇಳ್ಸುತ್ತೆ ಅಷ್ಟೇ. ನಂಗೆ ಸಮುದ್ರ ದಾಟಬೇಕು."

"ಮರಕ್ಕೆ ಕಟ್ಟಿದ್ರೆ? ಎತ್ತರ ಪುಕ್ಕಟೆ. ಮರ ಅಲ್ಲಾಡುತ್ತೆ, ನಿಜ. ಒಂದು ರಾಟೆ ಹಾಕಿ, ಹಗ್ಗದ ತುದಿಗೆ ಕಲ್ಲು ತುಂಬಿದ ಬಕೆಟ್ಟು ನೇತುಹಾಕಿದ್ರೆ ಆಯ್ತು. ಗಾಳಿ ಬಂದಾಗ ಬಕೆಟ್ಟು ಮೇಲೆ ಕೆಳಗೆ ಹೋಗುತ್ತೆ, ತಂತಿ ಕಿತ್ತುಹೋಗಲ್ಲ."

"ಅಲ್ಲಿ ಇರೋದು ಒಂದೇ ಮರ. ಅದು ಎಲ್ಲಿದೆ ಅಂತ ನೆನಪಿದೆಯೇನೋ?"

ಆ ಲೈನನ್ನು ಮುಚ್ಚಿಕೊಂಡಿದ್ದ ಮರವೇ ಅದು. ವ್ಯಾಪಾರದ ಭರದಲ್ಲಿ ಬಾಯಿ ಎಲ್ಲೆಲ್ಲೋ ಹೋಗುತ್ತದೆ.

"ಹಾಗಿದ್ರೆ ಫೈಬರ್ ಕಂಬ ತರಿಸಿಕೊಡ್ತೀನಿ" ಎಂದೆ. "ಒಂದರೊಳಗೊಂದು ಕೂತಿರುತ್ತೆ, ಎಳೆದ್ರೆ ಉದ್ದ ಆಗುತ್ತೆ. ಇಪ್ಪತ್ತಾರಡಿ ಬರುತ್ತೆ. ಅದರಲ್ಲಿ ಕರೆಂಟು ಹರಿಯೋದೇ ಇಲ್ಲ ಅಕ್ಕ. ಸುತ್ತು ಗಿತ್ತು ಏನೂ ನಡೆಯೋದು ಬೇಡ."

"ಕಂಬದಲ್ಲಿ ಹರಿಯಲ್ಲ. ಅದಕ್ಕೆ ಕಟ್ಟಿರೋ ತಂತಿ ತಾಮ್ರದ್ದು ತಾನೇ? ಕಂಬ ಯಾವುದಾದ್ರೂ ಸುತ್ತು ನಡೀಲೇಬೇಕು."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೇ ಪೈಪುಗಳ ನಡುವೆ ಹೊರಟಳು. ಬೆರಳ ಗೆಣ್ಣಿನಿಂದ ಬಡಿದು ಶಬ್ದ ಕೇಳಿದಳು. ತೆಳು ತಗಡಿನ ಪೈಪು ಬೇರೆ ಥರ ಕೂಗುತ್ತದೆ, ಅದು ಅವಳಿಗೆ ಗೊತ್ತಿತ್ತು. ಮೊಬೈಲಿನ ದೀಪ ಬಿಟ್ಟು ಒಳಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಿದಳು. ಅಲ್ಯೂಮಿನಿಯಂ ಬೇಡ, ಜೋಡಣೆಯ ಹತ್ತಿರ ಬಾಗುತ್ತೆ. ಕೆಳಗೆ ಎರಡಿಂಚಿನ ಕಬ್ಬಿಣದ ಪೈಪು, ಅದರೊಳಗೆ ಕೂರುವ ಒಂದೂವರೆ ಇಂಚಿನದು ಮೇಲೆ, ಜೋಡಣೆಯ ಒಳಗೆ ಕಡಿಮೆ ಅಂದರೆ ಎರಡಡಿ ಹೋಗಬೇಕು, ಬಿಗಿಯಲು ಅಡ್ಡ ಬೋಲ್ಟು. ಎಳೆಯುವ ಹಗ್ಗ ಎರಡು ಎತ್ತರದಲ್ಲಿ, ಒಂದೊಂದಕ್ಕೂ ಮೂರು ಮೂರು. ಗೂಟ ಮಣ್ಣಿನಲ್ಲಿ ಬೇಡ, ಕಾಂಕ್ರೀಟಿನಲ್ಲಿ. ಬೇರೆ ದಿನವಾಗಿದ್ದರೆ ಇಂಥ ಗಿರಾಕಿಗೆ ನಾನೇ ಚಹಾ ತರಿಸಿ ಕೊಡುತ್ತಿದ್ದೆ. ನನ್ನ ಅಕ್ಕ ಎಂದು ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

"ಅಷ್ಟು ಅರ್ಜೆಂಟೇನಿದೆ?" ಎಂದೆ.

ಚೀಲದಿಂದ ಒಂದು ಕಾರ್ಡು ತೆಗೆದಳು. ದೂರದಿಂದ ಬಂದದ್ದು, ಮೇಲೆ ಒಂದು ಹಡಗಿನ ಚಿತ್ರ. ಹತ್ತು ವರ್ಷದಿಂದ ಭಾವನ ಜೊತೆ ಭಾನುವಾರ ಭಾನುವಾರ ಟಿಕ್ ಟಿಕ್ ಆಡುತ್ತಿದ್ದ ಒಬ್ಬ ಹಡಗಿನ ಅಡುಗೆಯವನ ವಿಷಯ ನನಗೂ ಗೊತ್ತಿತ್ತು. ನಿವೃತ್ತನಾಗಿ ಸಮುದ್ರದ ಆ ದಡದಲ್ಲಿ ಒಬ್ಬನೇ ಇದ್ದಾನಂತೆ. ಇಲ್ಲಿಯ ತಗ್ಗಿನ ತಂತಿಯಿಂದ ಭಾವನ ಸಿಗ್ನಲ್ಲು ಅವನಿಗೆ ನಾಲ್ಕು ವಾರಕ್ಕೊಮ್ಮೆ ಕೇಳಿದರೆ ಹೆಚ್ಚು. ಹೊಸ ಕಂಬ ಹಾಕುತ್ತೇನೆ, ಮುಂದಿನ ಭಾನುವಾರದಿಂದ ಜೋರಾಗಿ ಕೇಳಿಸುತ್ತೇನೆ ಎಂದು ಭಾವ ಹೇಳಿದ್ದೇ ಕಡೆಯ ಮಾತು.

"ಕಂಬ ಹಾಕಿದ್ಯಾ ಅಂತ ಕೇಳಿದ್ದಾನೆ ನೋಡು" ಎಂದಳು ಅಕ್ಕ. "ಪ್ರತಿ ಭಾನುವಾರ ಹತ್ತು ಗಂಟೆಗೆ ಇನ್ನೂ ಕಿವಿ ಕೊಟ್ಟುಕೊಂಡು ಕೂತಿರ್ತಾನಂತೆ. ಎರಡು ವರ್ಷದಿಂದ."

"ಒಂದು ಕಾಗದ ಬರೆದು ಹಾಕು, ಮುಗೀತು."

"ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಕಣೋ. ಗಾಳೀಲೇ ಮಾತಾಡಿದವರು. ಅವರು ಸತ್ತಿದ್ದನ್ನ ಅಂಚೆಯವನ ಕೈಲಿ ಕಳಿಸೋಕೆ ನಂಗೆ ಇಷ್ಟ ಇಲ್ಲ. ಅವರ ಕೀಯನ್ನೇ ಒತ್ತಿ, ಅವರು ಹೇಳಿದ ಎತ್ತರದಿಂದ ನಾನೇ ಹೇಳ್ತೀನಿ. ಹೇಗೆ ಸತ್ತರು ಅಂತ ಕೇಳ್ತಾನೆ, ಅದನ್ನೂ ಹೇಳಬೇಕು."

ನಾನು ಬಿಲ್ ಪುಸ್ತಕ ತೆಗೆದು ಪೈಪಿನ ಲೆಕ್ಕ ಬರೆದೆ.

ಬುಧವಾರ ಮತ್ತೆ ಬಂದಳು. ಅವಳು ಆರಿಸಿದ್ದ ಪೈಪುಗಳನ್ನು ಜೋಡಿಸಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನೆಲಕ್ಕೆ ಮಲಗಿಸಿದ್ದೆ. ಈ ಸಲ ಕಂಬದ ಬುಡ ಹಿತ್ತಲಲ್ಲಲ್ಲ, ಮನೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಂದಳು. ಅಲ್ಲಿಂದ ಯಾವ ಲೈನೂ ಹತ್ತಿರವಿಲ್ಲ, ಆದರೂ ಸುತ್ತು ನಡೆದೇ ನೋಡಬೇಕು ಎಂದಳು. ಆಮೇಲೆ ಚೀಲದಿಂದ ಆ ಸುರುಳಿಯನ್ನು ತೆಗೆದು ನನ್ನ ಕೈಗಿತ್ತಳು.

"ಇದಕ್ಕೆ ಹತ್ತಡಿ ಸೇರಿಸಿ ಕಟ್ಟಿಡು. ಮೂವತ್ತೈದು ಇರೋದು ನಲವತ್ತೈದಾಗುತ್ತೆ. ನಾನು ತಾಮ್ರದ ತಂತಿ ತಗೊಂಡು ಒಂದು ಗಂಟೇಲಿ ಬರ್ತೀನಿ."

"ಹಳೇ ಹಗ್ಗ ಯಾಕಕ್ಕ? ಹೊಸದು ಬೇಕಾದಷ್ಟಿದೆ."

"ಅವರದೇ ಇರಲಿ" ಎಂದು ಹೋದಳು.

ಒಂದು ಗಂಟೆ. ಶೆಡ್ಡಿನ ಬಾಗಿಲು ಮುಂದೆ ಮಾಡಿ ಹಗ್ಗ ಬಿಚ್ಚಿದೆ. ಪೈಪಿನ ಬುಡಕ್ಕೆ ಒಂದು ತುದಿ ಇಟ್ಟು ಬಿಡಿಸುತ್ತ ಹೋದೆ. ಐದೈದು ಅಡಿಗೆ ಒಂದೊಂದು ಕೆಂಪು ದಾರದ ಹೊಲಿಗೆ ಹಾಕಿದ್ದರು ಭಾವ. ಎಂಟನೆಯ ಹೊಲಿಗೆ ಪೈಪಿನ ತುದಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಂತು. ಒಂಬತ್ತನೆಯದು ಹಗ್ಗದ ಕೊನೆ, ಎಳೆ ಬಿಚ್ಚದ ಹಾಗೆ ಅಂಚು ಹೊಲಿದಿತ್ತು. ಅಂಗಿಯ ತೋಳಿನ ಅಂಚು ಹೊಲಿಯುತ್ತಾರಲ್ಲ, ಹಾಗೆ. ನಲವತ್ತೈದು. ಅದು ನನಗೆ ಮೊದಲೇ ಗೊತ್ತಿದ್ದದ್ದೇ, ಆದರೂ ಹೊಲಿಗೆಗಳನ್ನು ಇನ್ನೊಂದು ಸಲ ಎಣಿಸಿದೆ.

ಆ ಒಂದು ಗಂಟೆಯಲ್ಲಿ ನಾನು ಏನೇನು ಯೋಚಿಸಿದೆ ಎಂದರೆ ಯಾರಿಗೂ ನಂಬಿಕೆ ಬರಲಿಕ್ಕಿಲ್ಲ. ಹೇಳಿಬಿಡೋಣ ಎಂದುಕೊಂಡೆ, ನಿಜವಾಗಿಯೂ. ಅವಳು ಬಾಗಿಲಲ್ಲಿ ಬಂದು ನಿಂತ ಕೂಡಲೇ ಏನು ಹೇಳಬೇಕೆಂದು ಎರಡು ಸಲ ಬಾಯಿಯಲ್ಲೇ ಆಡಿಕೊಂಡೆ. ಆಮೇಲೆ ಅವಳು ನನ್ನನ್ನು ತಮ್ಮ ಎನ್ನುವುದು ಅದೇ ಕೊನೆಯಾಗುತ್ತದೆ ಎನ್ನಿಸಿತು. ಅಮ್ಮ ಸತ್ತ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು ಅವಳು. ಹೇಗೂ ಭಾವ ತಿರುಗಿ ಬರುವುದಿಲ್ಲ. ಸತ್ತವರಿಗೆ ಹೆಸರು ಕೆಟ್ಟರೆ ನೋವಾಗುವುದಿಲ್ಲ ಎಂದೂ ಅಂದುಕೊಂಡೆ, ಅಷ್ಟು ಕೆಳಗಿಳಿದೆ. ಕತ್ತಿ ಕೈಗೆ ಯಾವಾಗ ಬಂತೋ. ಏಳನೆಯ ಕೆಂಪು ಹೊಲಿಗೆಯ ಪಕ್ಕ ಕೊಯ್ದು, ಲೈಟರಿನಿಂದ ತುದಿ ಸುಟ್ಟು, ಹತ್ತಡಿ ತುಂಡನ್ನು ಹಳೆ ಕ್ಲಾಂಪುಗಳ ಡ್ರಮ್ಮಿನೊಳಗೆ ತುರುಕಿದೆ. ಉಳಿದ ಮೂವತ್ತೈದಕ್ಕೆ ಅಂಗಡಿಯ ಹೊಸ ಹಗ್ಗ ಹತ್ತಡಿ ಗಂಟು ಹಾಕಿದೆ. ಗಂಟು ಚೆನ್ನಾಗಿಯೇ ಬಂತು.

ಅಕ್ಕ ಬಂದಳು. ತಂತಿಯ ಸುರುಳಿ ಕೆಳಗಿಟ್ಟು, ಹಗ್ಗವನ್ನು ಉದ್ದಕ್ಕೆ ಬಿಡಿಸಿ, ಬಗ್ಗಿ ಕೆಂಪು ಹೊ‌ಲಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಬಂದಳು. ಸುಟ್ಟ ತುದಿಯ ಹತ್ತಿರ ಬೆರಳು ನಿಂತಿತು.

"ಅವರದು ಎಷ್ಟಿತ್ತು?"

"ಮೂವತ್ತೈದು. ಆಗಲೇ ಹೇಳಿರಲಿಲ್ವಾ."

"ಇನ್ನೊಂದ್ಸಲ ಅಳಿ" ಎಂದು ಚೀಲದಿಂದ ಭಾವನ ಟೇಪು ತೆಗೆದು ಕೊಟ್ಟಳು. ಅವರ ಕೊರಳ ಬೆವರಿಗೆ ಅಂಕಿಗಳು ಅಳಿಸಿಹೋಗಿದ್ದ ಹಳದಿ ಟೇಪು. ಮೊಣಕಾಲೂರಿ ಐದೈದು ಅಡಿ ಅಳೆದೆ. ಏಳು ಸಲ. "ಮೂವತ್ತೈದು" ಎಂದೆ.

"ನಿನ್ನೆ ನಲವತ್ತೈದಿತ್ತು" ಎಂದಳು.

ಶೆಡ್ಡಿನ ಹೊರಗೆ ಯಾರೋ ಲಾರಿಗೆ ಪೈಪು ತುಂಬುತ್ತಿದ್ದರು. ಒಂದೊಂದು ಪೈಪು ಬಿದ್ದಾಗಲೂ ನೆಲ ಅದುರುತ್ತಿತ್ತು. ನಾನು ಮೊಣಕಾಲಿನ ಮೇಲೇ ಇದ್ದೆ.

"ಹತ್ತಡಿ ಎಲ್ಲಿ ಸೇರಿಸೋದು ನೋಡೋಣ ಅಂತ ನಿನ್ನೆ ಮೊದಲನೇ ಸಲ ಬಿಚ್ಚಿದೆ" ಎಂದಳು. ಧ್ವನಿ ಏರಲಿಲ್ಲ. "ಮೂರು ಸಲ ಅಳೆದೆ. ಅತ್ತೆಯನ್ನ ಕರೆದು ಒಂದು ತುದಿ ಹಿಡಿಸಿ ಅಳೆದೆ, ಯಾಕೆ ಅಂತ ಅವರಿಗೆ ಹೇಳಲಿಲ್ಲ. ಎರಡು ವರ್ಷದಿಂದ ಆ ಮುದುಕಿ ಅವರನ್ನ ಬೈತಾ ಇದ್ದಾಗ ನಾನೂ ಒಳಗೊಳಗೇ ಹೌದೇನೋ ಅಂದುಕೊಂಡಿದ್ದೆ. ನಾನೂ ಅವರನ್ನ ನಂಬಲಿಲ್ಲ. ಇವತ್ತು ನಿನಗೆ ಒಂದು ಗಂಟೆ ಕೊಟ್ಟು ಹೋದೆ. ಬಂದ ಕೂಡಲೇ ನೀನೇ ಹೇಳ್ತೀಯ ಅಂದುಕೊಂಡಿದ್ದೆ ಕಣೋ. ಬೀದಿ ತುದೀಲಿ ಚಹಾ ಅಂಗಡಿ ಬೆಂಚಿನ ಮೇಲೆ ಕೂತಿದ್ದೆ, ತಂತಿ ಹತ್ತು ನಿಮಿಷದಲ್ಲಿ ಸಿಕ್ಕಿತ್ತು."

"ಅಕ್ಕ" ಎಂದೆ.

"ಗೋಡೆ ಹತ್ತಿದ್ಯಾ ಅವತ್ತು?"

"ಇಲ್ಲ."

"ಯಾಕೆ?"

ಸುಳ್ಳು ಹೇಳಲು ಈಗಲೂ ಬಾಯಿ ಸಿದ್ಧವಾಗಿತ್ತು, ಕಾಲು ನೋವಿತ್ತು ಎನ್ನಬಹುದಿತ್ತು. "ಹೊಸ ಪ್ಯಾಂಟು ಹಾಕಿದ್ದೆ. ಗೋಡೆ ಮೇಲೆ ಗಾಜಿನ ಚೂರಿತ್ತು."

"ಅವರು ಹೊಲಿದುಕೊಟ್ಟಿದ್ದಾ? ಬೂದು ಬಣ್ಣದ್ದು?"

"ಹೂಂ."

ಅವಳು ಪೈಪಿನ ಮೇಲೆ ಕೂತಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು, ಅವಳು ಅಳಲಿಲ್ಲ. ಆಮೇಲೆ ಎದ್ದು, "ಕೊಯ್ದ ತುಂಡು ಕೊಡು, ಅದು ನಂದು" ಎಂದಳು. ಡ್ರಮ್ಮಿನಿಂದ ತೆಗೆದು ಕೊಟ್ಟೆ. ಅದರ ಮೇಲಿನ ತುಕ್ಕನ್ನು ಸೆರಗಿನಿಂದ ಒರೆಸಿ ಚೀಲದಲ್ಲಿಟ್ಟುಕೊಂಡಳು.

"ಕಂಬ ಕಳಿಸು. ಎತ್ತೋಕೆ ನೀನು ಬರಬೇಡ, ರೇಡಿಯೊದವರು ಬರ್ತಾರೆ, ಸುತ್ತು ನಾನೇ ನಡೀತೀನಿ. ಭಾನುವಾರ ಹತ್ತು ಗಂಟೆಗೆ ನಾನು ಆ ಹಡಗಿನವನಿಗೆ ಹೇಳ್ತೀನಿ, ಎಲ್ಲಾನೂ. ಅಷ್ಟರೊಳಗೆ ನೀನು ಬಂದು ಅತ್ತೆಗೆ ಹೇಳು. ಹೊರಗಿನವರಿಗೆ ಮೊದಲು ಗೊತ್ತಾಗಿ ಹೆತ್ತವರಿಗೆ ಆಮೇಲೆ ಗೊತ್ತಾಗಬಾರದು. ಅವರಿಗೆ ನಾನು ಹೇಳಲ್ಲ. ಅದು ನಿನ್ನ ಕೆಲಸ."

ಕಂಬ ಕಳಿಸಿದೆ. ಬೋಲ್ಟುಗಳನ್ನು ಒಂದೊಂದಾಗಿ ನಾನೇ ಬಿಗಿದು ನೋಡಿ, ಜೋಡಣೆಗೆ ಗ್ರೀಸು ಹಚ್ಚಿ, ಲಾರಿಯವನಿಗೆ ನಾಲ್ಕು ಸಲ ಹುಷಾರು ಹೇಳಿ ಕಳಿಸಿದೆ. ಮಾಡಲು ನನಗೆ ಉಳಿದಿದ್ದು ಅಷ್ಟೇ. ಗುರುವಾರ ಹೋಗಿ ಹೇಳುತ್ತೇನೆ ಎಂದುಕೊಂಡೆ, ಶುಕ್ರವಾರ ಎಂದುಕೊಂಡೆ. ಶನಿವಾರ ಸಂಜೆ ಅಂಗಡಿಯ ಮೆಟ್ಟಿಲಿನಿಂದ ನೋಡಿದರೆ ಮನೆಗಳ ತಲೆಯ ಮೇಲೆ ಆ ಕಂಬ ಕಂಡಿತು. ನೆಟ್ಟಗಿತ್ತು. ಅದರ ತುದಿಯ ರಾಟೆಯಿಂದ ತಂತಿ ಹೊರಟು ಅಕ್ಕನ ಮಾಳಿಗೆಯ ಕಡೆಗೆ ಹೋಗಿತ್ತು.

ಭಾನುವಾರ ಹತ್ತಕ್ಕೆ ಐದು ನಿಮಿಷವಿದ್ದಾಗ ಅಕ್ಕನ ಮನೆಯ ಗೇಟು ತೆರೆದೆ. ಬಟ್ಟೆ ಒಗೆಯುವ ಕಲ್ಲಿನ ಸುತ್ತ ನೆಲದ ಮೇಲೆ ಅವಳ ಚಪ್ಪಲಿಯ ಗುರುತು ದುಂಡಗೆ ಬಿದ್ದಿತ್ತು. ಹೂವಿನ ಕುಂಡಗಳ ಮಧ್ಯೆಯೂ ನಡೆದಿದ್ದಳು, ಎರಡು ಕುಂಡ ಪಕ್ಕಕ್ಕೆ ಸರಿಸಿದ್ದಳು. ಭಾವನ ತಾಯಿ ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಕಿಟಕಿಯ ಒಳಗೆ ಅಕ್ಕ ಕೀಯನ್ನು ಒತ್ತಿ ಪರೀಕ್ಷೆ ಮಾಡುತ್ತಿದ್ದಳು, ಟಿಕ್ ಟಿಕ್.

"ಬಾರಪ್ಪ" ಎಂದರು ಮುದುಕಿ. "ನೋಡು, ಹೆಂಡತಿ ನಿಲ್ಲಿಸಿದ ಕಂಬ ನಿಂತಿದೆ. ನನ್ನ ಮಗ ಒಂದು ಹಗ್ಗ ಸರಿಯಾಗಿ ಕತ್ತರಿಸಿಕೊಂಡಿದ್ದಿದ್ರೆ."

ಒಳಗೆ ಟಿಕ್ ಟಿಕ್ ನಿಂತಿತು.

ಅವರ ಕಾಲ ಬಳಿ ನೆಲದ ಮೇಲೆ ಕೂತೆ. "ಅಮ್ಮ, ಹಗ್ಗ ಸರಿಯಾಗೇ ಇತ್ತು" ಎಂದೆ. "ನಿಮ್ಮ ಮಗ ಸರಿಯಾಗೇ ಕತ್ತರಿಸಿದ್ರು. ಸುತ್ತು ನಡೆಯೋವಾಗ ನಾನು ಹನ್ನೊಂದು ಹೆಜ್ಜೆ ನಡೀಲಿಲ್ಲ. ನೋಡದೇನೇ ಖಾಲಿ ಅಂದೆ."

ಅವರು ಕಿವಿಗೆ ಕೈ ಒಡ್ಡಿ ನನ್ನ ಕಡೆ ಬಗ್ಗಿದರು. "ಏನಂದೆ? ಜೋರಾಗಿ ಹೇಳಪ್ಪ, ನಂಗೆ ಕೇಳ್ಸಲ್ಲ."

ಗೇಟಿನ ಆಚೆ ಪಕ್ಕದ ಮನೆಯವರು ಸೈಕಲ್ ತೊಳೆಯುತ್ತಿದ್ದರು. ಎದುರು ಮನೆಯ ಮಾಳಿಗೆಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು.

"ಹಗ್ಗ ಸರಿಯಾಗಿತ್ತು" ಎಂದು ಕೂಗಿದೆ. "ತಪ್ಪು ನಂದು. ನಾನು ಸುತ್ತು ಪೂರ್ತಿ ನಡೀಲಿಲ್ಲ. ಸುಳ್ಳು ಹೇಳಿದೆ. ನಿಮ್ಮ ಮಗ ನನ್ನ ಮಾತು ನಂಬಿ ಕಂಬ ಹಿಡಿದರು."

ಸೈಕಲ್ ತೊಳೆಯುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದರು. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ತುಟಿ ಅಲ್ಲಾಡಿತು, ಒಳಗೊಳಗೇ ಏನನ್ನೋ ಲೆಕ್ಕ ಹಾಕುವವರ ಹಾಗೆ. ಎರಡು ವರ್ಷ ಮಗನನ್ನು ಬೈದದ್ದು ಎಷ್ಟು ಸಲವೋ. ಕಡೆಗೆ ನನ್ನನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದರು.

"ನೋಡಮ್ಮ" ಎಂದು ಸೊಸೆಯನ್ನು ಕೂಗಿದರು, "ಸರಿಯಾಗಿ ಕತ್ತರಿಸಿದ್ನಂತೆ ಕಣೇ. ನಾನು ಸುಮ್ಮಸುಮ್ಮನೆ ಬೈದುಬಿಟ್ಟೆ."

ಗಡಿಯಾರದಲ್ಲಿ ಹತ್ತಾಗಿತ್ತು. ಒಳಗೆ ಟಿಕ್ ಟಿಕ್ ಶುರುವಾಯಿತು, ಈ ಸಲ ಪರೀಕ್ಷೆಯದಲ್ಲ, ತಡೆಯಿಲ್ಲದೆ ಉದ್ದಕ್ಕೆ ಹೋಗುತ್ತಿತ್ತು. ಭಾವ ಎಷ್ಟೋ ಸಲ ಕಲಿಸುತ್ತೇನೆ ಎಂದಿದ್ದರು, ನಾನು ಕಲಿತಿರಲಿಲ್ಲ. ನನ್ನ ಹೆಸರು ಯಾವಾಗ ಬರುತ್ತದೆಂದು ತಿಳಿಯದೆ, ಮುದುಕಿ 'ಎದ್ದು ಹೋಗು' ಎನ್ನುವವರೆಗೂ ಅದನ್ನು ಕೇಳುತ್ತ ಅಲ್ಲೇ ಕೂತಿದ್ದೆ.